ಸುಣ್ಣದ ದೋಣಿಯ ಕಪ್ಪು ಕಲೆ

“ಅಮ್ಮಾ, ನಮ್ಮ ಕಿರಿಯ ಶಿಷ್ಯೆ ಹೊನ್ನಿಗೆ ಸುಳ್ಳು ಹೇಳುವ ಚಾಳಿ. ಇಂದು ಬೆಳಿಗ್ಗೆ ಎಲ್ಲರೆದುರು ಅವಳ ಸುಳ್ಳುಗಳನ್ನು ಒಂದೂ ಬಿಡದೆ ಎತ್ತಿ ಆಡಿದೆ. ಇನ್ನು ಹೇಳುವುದಿಲ್ಲವೆಂದು ಅತ್ತಳು. ಮೊಂಡು ಕಲೆ ಹೋಗಬೇಕಾದರೆ ಗಟ್ಟಿಯಾಗಿಯೇ ಉಜ್ಜಬೇಕಲ್ಲವೇ?” ಎಂದು ಆಶ್ರಮದ ಹಿರಿಯ ಶಿಷ್ಯೆ ಭಾಗೀರಥಿ ಸಂಜೆ ಕೇಳಿದಳು.

ಗುರುಮಾತೆ ಹೇಳಿದರು:

ಒಬ್ಬ ವ್ಯಾಪಾರಿ ಹೆಂಗಸಿದ್ದಳು. ಚಿಪ್ಪು ಸುಟ್ಟ ಸುಣ್ಣವನ್ನು ದೋಣಿಯಲ್ಲಿ ತುಂಬಿ ದೂರದ ಬಂದರುಗಳಿಗೆ ಒಯ್ಯುತ್ತಿದ್ದಳು. ದೋಣಿ ಅವಳದು, ಚುಕ್ಕಾಣಿ ಅವಳ ತಮ್ಮನದು. ಅಂಥ ಸುಣ್ಣಕ್ಕೆ ನೀರು ತಾಗಿದರೆ ಅದು ಕುದಿಯುತ್ತದೆ, ಮರವನ್ನೂ ಹೊತ್ತಿಸುತ್ತದೆ. ಅದಕ್ಕೇ ಸುಣ್ಣದ ಮೂಟೆಗಳನ್ನು ಮುಚ್ಚಿದ್ದ ದೋಣಿಯ ಮೇಲುಹಲಗೆಗೆ ರಾಳ ಕರಗಿಸಿದ ಎಣ್ಣೆ ಬಳಿದಿದ್ದರು. ಮೇಲೆ ಬಿದ್ದ ನೀರು ಒಳಗಿಳಿಯದೆ ಉರುಳಿಹೋಗುತ್ತಿತ್ತು.

ಲಂಗರಿನ ಸರಪಳಿ ಬಿದ್ದಲ್ಲಿ ಆ ಹಲಗೆಯ ಮೇಲೆ ಒಂದು ಕಪ್ಪು ಕಲೆಯಾಯಿತು. ದೊಡ್ಡ ಗಿರಾಕಿಯೊಬ್ಬ ದೋಣಿ ನೋಡಲು ಬರುವವನಿದ್ದ. ಅವಳು ಬಟ್ಟೆಯಿಂದ ಒರೆಸಿದಳು. ಹೋಗಲಿಲ್ಲ. ಬೂದಿ ಹಾಕಿ ತಿಕ್ಕಿದಳು. ಹೋಗಲಿಲ್ಲ. ಕೊನೆಗೆ ಒರಟು ಮರಳು ಸುರಿದು, ಇಟ್ಟಿಗೆ ಹಿಡಿದು ಉಜ್ಜಿ, ಲಿಂಬೆ ಹಿಂಡಿದಳು. ಕಲೆ ಹೋಯಿತು.

“ಎಣ್ಣೆಯೂ ಹೋಯಿತು ಅಕ್ಕಾ, ಸಂದಿನ ರಾಳವೂ ಎದ್ದಿದೆ,” ಎಂದ ತಮ್ಮ. “ಮರ ಒಣಗಲಿ. ಮತ್ತೆ ಬಳಿದು ಹೊರಡೋಣ.”

“ಹಸಿ ಎಣ್ಣೆಯ ಮೇಲೆ ಗಿರಾಕಿ ಜಾರಿಬಿದ್ದರೆ ನೀನು ಎತ್ತುತ್ತೀಯಾ? ಅವನು ಹೋದ ಕೂಡಲೇ ಹೊರಡಬೇಕು. ಕಲೆ ಇದ್ದಾಗ ಬಾಯಿ ಬಿಡದವನು ಈಗ ಬುದ್ಧಿ ಹೇಳಬೇಡ. ತಿರುಗಿ ಬಂದ ಮೇಲೆ ಬಳಿದರಾಯಿತು.”

ಗಿರಾಕಿ ಬಂದ. ಹಲಗೆಯನ್ನು ಹೊಗಳಿದ. ದೋಣಿ ಹೊರಟಿತು.

ನಡುಗಡಲಿನಲ್ಲಿ ಗಾಳಿ ಎದ್ದಿತು. ಅಲೆ ಹಲಗೆಯ ಮೇಲೆ ಹರಿಯಿತು. ಎಲ್ಲ ಕಡೆ ನೀರು ಉರುಳಿಹೋಯಿತು. ಉಜ್ಜಿದ ಜಾಗದಲ್ಲಿ ಮಾತ್ರ ಕೆಳಗಿಳಿಯಿತು. ಮೊದಲು ಒಳಗಿನಿಂದ ಬುಸುಗುಟ್ಟುವ ಸದ್ದು. ಆಮೇಲೆ ಅವಳ ಅಂಗಾಲಿಗೆ ಬಿಸಿ ತಾಗಿತು. ಸಂದಿನಿಂದ ಹೊಗೆ ಬಂತು. ಸುತ್ತಲೂ ಕಡಲು, ಆದರೆ ಒಂದು ಬೊಗಸೆ ನೀರನ್ನೂ ಎರಚುವಂತಿರಲಿಲ್ಲ.

“ಚುಕ್ಕಾಣಿ ಹಿಡಿ ಅಕ್ಕಾ,” ಎಂದು ತಮ್ಮ ಕೆಳಗಿಳಿದ. ಕುದಿಯುವ ಮೂಟೆಗಳನ್ನು ಹೊತ್ತು ತಂದು ಕಡಲಿಗೆ ಎಸೆದ. ಮತ್ತೆ ಇಳಿದ. ಮತ್ತೆ ಎಸೆದ. ದೋಣಿ ಉಳಿಯಿತು. ಕೊನೆಯ ಮೂಟೆಯನ್ನು ಎಸೆದವನು ಕೈಚಾಚಿ ತಡವರಿಸುತ್ತ ಅವಳ ಬಳಿಗೆ ಬಂದ. ಸುಣ್ಣ ಅವನ ಎರಡೂ ಕಣ್ಣುಗಳನ್ನು ತಿಂದಿತ್ತು.

ದಡ ಮುಟ್ಟಿದಾಗ ಅವನು ಹಲಗೆಯ ಮೇಲೆ ಅಂಗೈಯಾಡಿಸಿ ಕೇಳಿದ: “ಕಲೆ ಪೂರ್ತಿ ಹೋಗಿದೆಯಾ ಅಕ್ಕಾ?”

ಗುರುಮಾತೆ ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಕಲೆಯನ್ನು ಹಾಗೆಯೇ ಬಿಟ್ಟುಬಿಡಬೇಕೇ?” ಎಂದಳು ಭಾಗೀರಥಿ.

“ಉಜ್ಜಬೇಡವೆಂದು ನಾನು ಹೇಳಲಿಲ್ಲ,” ಎಂದರು ಗುರುಮಾತೆ. “ಉಜ್ಜಿದ ಜಾಗಕ್ಕೆ ಎಣ್ಣೆ ಬಳಿದೆಯಾ? ಬೆಳಗಿನಿಂದ ಹೊನ್ನಿ ಊಟ ಮಾಡಿದಳೇ?”

ಭಾಗೀರಥಿ ಎದ್ದು ಅಡುಗೆಮನೆಗೆ ಹೋಗಿ ಒಂದು ತಟ್ಟೆಗೆ ಅನ್ನ ಬಡಿಸಿದಳು.