ಒಂದೇ ಬಗೆಯ ಕೆಂಪು ಚುಕ್ಕಿ

ಶಿಷ್ಯ ತೋಂಟೇಶ ಗುರುಗಳ ಮುಂದೆ ಕುಳಿತು ಕೇಳಿದ: “ಮಗನನ್ನು ಕಳೆದುಕೊಂಡ ಒಬ್ಬನಿಗೆ ಒಂದು ಮಾತು ಹೇಳಿದೆ. ಅವನು ಎದ್ದು ಕೆಲಸಕ್ಕೆ ಹೋದ. ಅದೇ ದುಃಖದಲ್ಲಿದ್ದ ಇನ್ನೊಬ್ಬನಿಗೂ ಅದೇ ಮಾತು ಹೇಳಿದೆ. ಅವನು ಅನ್ನ ಬಿಟ್ಟು ಮಲಗಿದ್ದಾನೆ. ಗುರುಗಳೇ, ಆ ಮಾತು ಔಷಧವೋ, ವಿಷವೋ?”

ಗುರುಗಳು ಈ ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ರಕ್ತದ ರೋಗಗಳ ಸಂಶೋಧನೆಯಲ್ಲೇ ತಲೆ ನರೆತವನು. ಗಾಯವಾದಲ್ಲಿ ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ನಿಲ್ಲಿಸುವ ಕಿರುಕಣಗಳಿವೆಯಲ್ಲ, ಪ್ಲೇಟ್‌ಲೆಟ್ ಎನ್ನುತ್ತಾರೆ, ಅವನ್ನು ಅವನಷ್ಟು ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ.

ಅವನ ಬಳಿಗೆ ಒಬ್ಬ ನೇಕಾರ ಹೆಂಗಸು ಬಂದಳು. ಕಾಲ ತುಂಬ ಕೆಂಪು ಚುಕ್ಕಿಗಳು. ಪರೀಕ್ಷಿಸಿದರೆ ಪ್ಲೇಟ್‌ಲೆಟ್ ತೀರ ಕಡಿಮೆ. ಕಡಿಮೆಯಾದದ್ದನ್ನು ಕೊಡಬೇಕು ಎಂದು ವೈದ್ಯ ಅವಳ ತಮ್ಮನಿಂದ ತೆಗೆದು ಅವಳಿಗೆ ಕೊಟ್ಟ. ಸಂಜೆಯೊಳಗೆ ಅವಳ ಮಾತು ತೊದಲಿತು. ಎದುರಿಗೆ ನಿಂತಿದ್ದ ತಮ್ಮನನ್ನೇ ಯಾರೆಂದು ಕೇಳಿದಳು.

ವೈದ್ಯನಿಗೆ ದಿಕ್ಕು ತೋಚಲಿಲ್ಲ. ಅವಳ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಕೆಂಪು ಕಣಗಳು ಹರಿದು ಚೂರಾಗಿದ್ದವು. ಆಗ ತಿಳಿಯಿತು. ಅವಳ ದೇಹದಲ್ಲಿ ಪ್ಲೇಟ್‌ಲೆಟ್ ಹುಟ್ಟುತ್ತಿತ್ತು. ಆದರೆ ಗಾಯವೇ ಇಲ್ಲದ ಕಡೆ ಅಂಟಿಕೊಂಡು, ಸಣ್ಣ ರಕ್ತನಾಳಗಳಲ್ಲಿ ಗಂಟುಗಟ್ಟಿ ಮುಗಿದುಹೋಗುತ್ತಿತ್ತು. ಅವನು ಕೊಟ್ಟದ್ದೂ ಹೋಗಿ ಆ ಗಂಟುಗಳಿಗೇ ಸೇರಿತ್ತು. ಕೆಡುಕು ಇದ್ದದ್ದು ಕಣಗಳು ತೇಲುವ ರಕ್ತದ ಹಳದಿ ನೀರಿನಲ್ಲಿ, ಪ್ಲಾಸ್ಮಾ ಎನ್ನುತ್ತಾರಲ್ಲ ಅದರಲ್ಲಿ. ದಿನವೂ ಅದನ್ನು ತೆಗೆದು ಬೇರೆಯವರದನ್ನು ತುಂಬಿದ. ಹೆಂಗಸು ಉಳಿದಳು. ಬಲಗೈ ಮಾತ್ರ ಮೊದಲಿನಂತೆ ಮಗ್ಗದ ಮೇಲೆ ಆಡಲಿಲ್ಲ.

ಕೊಡುವುದೇ ತಪ್ಪು ಎಂಬುದು ವೈದ್ಯನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತು.

ಕೆಲವು ಕಾಲದ ಮೇಲೆ ಒಬ್ಬ ಅಡುಗೆಯವನು ಬಂದ. ಅದೇ ಚುಕ್ಕಿ, ಅದೇ ಕೊರತೆ. ವಸಡಿನಿಂದ ರಕ್ತ ಜಿನುಗುತ್ತಿತ್ತು. ವೈದ್ಯ ಹನಿಯನ್ನು ನೋಡಿದ. ಹರಿದ ಕಣಗಳನ್ನೇ ಹುಡುಕುತ್ತಿದ್ದವನಿಗೆ ಒಂದೆರಡು ಕಂಡಂತೆಯೂ ಆಯಿತು. ಪ್ಲೇಟ್‌ಲೆಟ್ ಕೊಡಲು ಬಂದ ನೆಂಟರನ್ನು ಹಿಂದಕ್ಕೆ ಕಳಿಸಿದ. ನಿಜಕ್ಕೂ ಆ ಅಡುಗೆಯವನ ಮೂಳೆಯ ಮಜ್ಜೆ ಬತ್ತಿಹೋಗಿತ್ತು. ಅವನಲ್ಲಿ ಪ್ಲೇಟ್‌ಲೆಟ್ ಹುಟ್ಟುತ್ತಲೇ ಇರಲಿಲ್ಲ. ಮರುದಿನ ತಲೆಯೊಳಗೆ ರಕ್ತ ಸೋರಿ ಅವನು ಸತ್ತ.

ಅವನ ಹೆಂಡತಿ ಅಳಲಿಲ್ಲ. “ಕಡಿಮೆ ಇದೆ ಅಂತ ನೀವೇ ಹೇಳಿದಿರಿ. ಕೊಡಲಿಕ್ಕೆ ಜನ ಬಂದು ನಿಂತಿದ್ದರು. ಯಾಕೆ ಕೊಡಲಿಲ್ಲ, ಸ್ವಾಮಿ?” ಎಂದು ಕೇಳಿದಳು.

“ಕೊಟ್ಟರೆ ಕೆಡುತ್ತದೆ ಎಂದುಕೊಂಡೆನಮ್ಮ.”

“ಯಾರಿಗೆ?” ಎಂದಳು ಅವಳು.

ಆಮೇಲೆ ವೈದ್ಯನಿಗೆ ಕೈಯೇ ಏಳದಾಯಿತು. ಕೊಟ್ಟದ್ದೂ ತಪ್ಪಾಗಿತ್ತು, ಕೊಡದೆ ಇದ್ದದ್ದೂ ತಪ್ಪಾಗಿತ್ತು. ಓದಿದ ಪುಸ್ತಕ ತೆರೆದರೆ ಒಂದೇ ಸಾಲು ಎರಡು ಬಗೆಯಾಗಿ ಕಾಣುತ್ತಿತ್ತು. ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದು ಹಾಗೆಯೇ ಕೂತುಬಿಡುತ್ತಿದ್ದ.

ಆ ದಿನಗಳಲ್ಲೇ ಒಬ್ಬ ಬಳೆಗಾರ್ತಿ ಬಂದಳು. ಅವಳಿಗೂ ಕೆಂಪು ಚುಕ್ಕಿ. ಅವನು ಹನಿಯನ್ನು ನೋಡಿದ. ಏನೂ ಹೊಳೆಯಲಿಲ್ಲ. ಮತ್ತೆ ನೋಡಿದ. ಮೊದಲು ಕಂಡದ್ದೂ ನಿಜವೋ ಅಲ್ಲವೋ ಎಂಬ ಅನುಮಾನ ಬಂತು. ಕೊನೆಗೆ ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತು, “ನನಗೆ ತಿಳಿಯುತ್ತಿಲ್ಲ ತಾಯಿ. ನಿನಗೆ ಏನೇನಾಯಿತು, ಮೊದಲಿನಿಂದ ಹೇಳು” ಎಂದ.

ಅವಳು ಹೇಳುತ್ತ ಹೋದಳು. ಬಳೆಯ ಮಲಾರ ಹೊತ್ತು ಊರೂರು ತಿರುಗಿದ್ದು, ಕಾಲು ಸೆಳೆತ ಹಿಡಿದದ್ದು, ನೆರೆಮನೆಯಾಕೆ ಕೊಟ್ಟ ಕಹಿ ಗುಳಿಗೆ ದಿನವೂ ನುಂಗಿದ್ದು. ಆ ಗುಳಿಗೆಯೇ ಅವಳ ರಕ್ತವನ್ನು ಕೆಡಿಸಿತ್ತು. ವೈದ್ಯ ಅದನ್ನು ಬಿಡಿಸಿ, ಅವಳನ್ನು ಕಣ್ಣೆದುರಿಗೇ ಇಟ್ಟುಕೊಂಡು ಕಾದ. ಬೇರೇನೂ ಮಾಡಲಿಲ್ಲ. ಚುಕ್ಕಿಗಳು ಮಾಸಿದವು. ಅವಳು ನಡೆದುಕೊಂಡೇ ಮನೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ತೋಂಟೇಶ, “ಒಬ್ಬಳಿಗೆ ಕೊಡಬಾರದಿತ್ತು, ಒಬ್ಬನಿಗೆ ಕೊಡಬೇಕಿತ್ತು, ಮತ್ತೊಬ್ಬಳಿಗೆ ಇದ್ದದ್ದನ್ನು ಬಿಡಿಸಬೇಕಿತ್ತು. ಗುರುಗಳೇ, ಕತೆ ಕೇಳಿ ನನ್ನ ಗೊಂದಲ ಹೆಚ್ಚಾಯಿತು” ಎಂದ.

“ವೈದ್ಯನಿಗೂ ಹೆಚ್ಚಾಗಿತ್ತು, ಇಲ್ಲದಿದ್ದರೆ ಅವನು ಬಳೆಗಾರ್ತಿಯ ಪಕ್ಕದಲ್ಲಿ ಹೋಗಿ ಕೂರುತ್ತಿರಲಿಲ್ಲ” ಎಂದರು ಗುರುಗಳು.

ತೋಂಟೇಶ ಎದ್ದು, ಅನ್ನ ಬಿಟ್ಟು ಮಲಗಿದ್ದವನ ಮನೆಗೆ ಹೊರಟ.