ಜಡೆಎಮ್ಮೆ ಗಡ್ಡೆ

ಕಡದಾಳ ಊರಿನ ದಡದಲ್ಲಿ ನಿಂತರೆ ಕೃಷ್ಣೆಯ ನಡುನೀರಿನಲ್ಲಿ ಒಂದು ಗಡ್ಡೆ ಕಾಣುತ್ತದೆ. ಅದರ ತುದಿಯಲ್ಲಿ ಮುದಿ ಬೇವಿನ ಮರ, ಮರದ ಕೊಂಬೆಗೆ ಒಂದು ಹಿತ್ತಾಳೆ ಗಂಟೆ. ಅದನ್ನು ಜಡೆಎಮ್ಮೆ ಗಡ್ಡೆ ಎನ್ನುತ್ತಾರೆ. ಮಲಗಿದ ಎಮ್ಮೆಯಂತೆ ಕಾಣುವುದರಿಂದ ಆ ಹೆಸರು ಬಂದಿರಬೇಕೆಂದು ಹೊರಗಿನವರು ತಾವೇ ತೀರ್ಮಾನಿಸಿಬಿಡುತ್ತಾರೆ. ಹಾಗಾದರೆ ಜಡೆ ಎಲ್ಲಿಂದ ಬಂತು?

ಹಿಂದೆ ಒಮ್ಮೆ, ಹೊಳೆಗೆ ಸೇತುವೆಯಾಗಲಿ ಅಣೆಕಟ್ಟಾಗಲಿ ಇಲ್ಲದ ಕಾಲದಲ್ಲಿ, ಯಂಕೋಬನೆಂಬವನು ಬೇಸಿಗೆಯಲ್ಲಿ ಈ ಗಡ್ಡೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದನಂತೆ. ಗುಡಿಸಲಿನಲ್ಲಿ ಅವನ ತುಂಬು ಬಸುರಿ ಹೆಂಡತಿ ಫಕೀರವ್ವ, ಹತ್ತು ವರ್ಷದ ತಂಗಿ ಹುಲಿಗೆವ್ವ, ಕೆಂಚಿ ಮತ್ತು ಬೂದಿ ಎಂಬ ಎರಡು ಎಮ್ಮೆಗಳು ಇದ್ದವು. ಮಳೆಗಾಲ ಹತ್ತಿರವಾಗಲು ಒಂದು ಬೆಳಿಗ್ಗೆ ಯಂಕೋಬ ಸಾಮಾನನ್ನೂ ಎಮ್ಮೆಗಳ ಕರುಗಳನ್ನೂ ಹರಿಗೋಲಿನಲ್ಲಿ ಊರಿಗೆ ಸಾಗಿಸಿದ. ಹೆಂಗಸರನ್ನು ಮುಂದಿನ ಸಲ ಒಯ್ದರಾಯಿತು ಎಂದುಕೊಂಡಿದ್ದ. ಬಸುರಿಗಿಂತ ಮೊದಲು ಬುಟ್ಟಿ ಬೋಗುಣಿ ಸಾಗಿಸುವ ಬುದ್ಧಿಯನ್ನು ಅವನಿಗೆ ಯಾರು ಕಲಿಸಿದರೋ! ಅವನು ದಡ ಮುಟ್ಟುವಷ್ಟರಲ್ಲಿ ಹೊಳೆ ಉಕ್ಕಿ ಬಂತು. ಮಧ್ಯಾಹ್ನಕ್ಕೆ ಫಕೀರವ್ವನಿಗೆ ನೋವು ಬಂತು.

"ಹುಲಿಗೀ, ಹಂಪವ್ವನ್ನ ಹೆಂಗರ ಮಾಡಿ ಕರಸು. ಕೂಸು ಅಡ್ಡ ಆದಂಗೈತಿ," ಎಂದಳಂತೆ. ಹಂಪವ್ವ ಊರಿನ ಸೂಲಗಿತ್ತಿ.

ಹುಡುಗಿ ಕೆಂಚಿಯ ಕೊರಳ ಗಂಟೆಯನ್ನು ಬಿಚ್ಚಿ ಕೈ ಸೋಲುವವರೆಗೆ ಬಾರಿಸಿದಳು. ಹೊಳೆಯ ಮೊರೆತದಲ್ಲಿ ಅದು ದಡಕ್ಕೆ ಕೇಳಲಿಲ್ಲ. ಆಗ ಕೆಂಚಿಯನ್ನೇ ನೀರಿಗಿಳಿಸಿದಳು. ಕರು ಊರಲ್ಲಿದೆ, ಎಮ್ಮೆ ಈಜಿ ಹೋಗಿಯೇ ಹೋಗುತ್ತದೆ, ನೋಡಿದವರು ಓಡಿ ಬರುತ್ತಾರೆ ಎಂಬುದು ಅವಳ ಎಣಿಕೆ. ಆದರೆ ಸಾಕಿದವರು ಸತ್ತರೆ ದನದ ಕೊರಳ ಗಂಟೆ ಬಿಚ್ಚುವುದು ಆ ಊರಿನ ರೂಢಿ. ಮನೆಯಲ್ಲಿ ಸಾವನ್ನೇ ಕಾಣದ ಹುಡುಗಿಗೆ ಅದು ಗೊತ್ತಿರಲಿಲ್ಲ. ಬರಿಗೊರಳಿನ ಕೆಂಚಿ ದಡ ಹತ್ತಿದ್ದೇ ಯಂಕೋಬ ತಲೆ ಚಚ್ಚಿಕೊಂಡ. ಹರಿಗೋಲಿನವರು ಎತ್ತಿದ ಹುಟ್ಟುಗಳನ್ನು ಕೆಳಗಿಟ್ಟರು. "ಹೆಣ ತರಾಕ ಇದ್ದವರ ಜೀವ ಒಯ್ಯಬಾರದು. ಹೊಳಿ ಇಳೀಲಿ," ಎಂದರು. ಗಡ್ಡೆಯ ಮೇಲೆ ಹುಡುಗಿ ಕೈ ಬೀಸಿದಳು. "ಹುಡುಗಿ ಅದಾಳ, ಅಂದ್ರ ಹೋದಾಕಿ ಫಕೀರವ್ವನ," ಎಂದು ದಡದವರು ಇನ್ನಷ್ಟು ಅತ್ತರು.

ಹುಲಿಗೆವ್ವನಿಗೆ ಏನೊಂದೂ ಅರ್ಥವಾಗಲಿಲ್ಲ. ಎಮ್ಮೆ ದಡ ಮುಟ್ಟಿದೆ, ಜನ ಸೇರಿದ್ದಾರೆ, ತನ್ನನ್ನು ನೋಡುತ್ತಿದ್ದಾರೆ. ಆದರೂ ಎದೆ ಬಡಿದುಕೊಂಡು ಕುಳಿತಿದ್ದಾರೆ! ಅವಳು ಕೂಗಿದಷ್ಟೂ ಅವರು ಅಳುತ್ತಾರೆ. ಒಳಗೆ ಅತ್ತಿಗೆ ನರಳುತ್ತಿದ್ದಳು. ನೋವು ಬಂದವಳ ಮೈಮೇಲೆ ಗಂಟು ಇರಬಾರದೆಂದು ಹುಡುಗಿ ಅವಳ ಜಡೆಯನ್ನು ಬಿಚ್ಚಿದಳು. ಜಡೆಯ ಕೆಂಪು ದಾರ ಕೈಯಲ್ಲಿ ಉಳಿಯಿತು. ಅದನ್ನೇ ನೋಡುತ್ತ ಕ್ಷಣಹೊತ್ತು ನಿಂತವಳು ಹೊರಗೋಡಿ, ಬೂದಿಯ ಬಾಲದ ಕುಚ್ಚನ್ನು ಮೂರು ಎಳೆ ಮಾಡಿ ಹೆಣೆದು, ತುದಿಗೆ ಆ ದಾರ ಬಿಗಿದು ನೀರಿಗೆ ಅಟ್ಟಿದಳು.

ದಡದಲ್ಲಿ ಗಲಿಬಿಲಿಯೋ ಗಲಿಬಿಲಿ. ಕೊರಳಲ್ಲಿ ಗಂಟೆಯಿದೆ, ಬಾಲದಲ್ಲಿ ಜಡೆಯಿದೆ; ಇದು ಯಾವ ಸಾವಿನ ಗುರುತು? ಒಬ್ಬ ಹುಡುಗಿಗೆ ಹುಚ್ಚು ಹಿಡಿಯಿತೆಂದ, ಇನ್ನೊಬ್ಬ ದೆವ್ವದ ಆಟವೆಂದ. ಹಂಪವ್ವ ಮಾತ್ರ ಬಗ್ಗಿ ದಾರ ಮುಟ್ಟಿದಳು.

"ಸತ್ತಾಕಿ ಜಡಿ ಯಾರೂ ಬಿಚ್ಚಂಗಿಲ್ಲ. ಹೆರಿಗಿ ಬ್ಯಾನಿ ಬಂದಾಕಿ ಜಡಿ ಬಿಚ್ಚತಾರ. ಯಂಕ್ಯಾ, ನಿನ್ನ ಹೇಣ್ತಿ ದಾರ ನಿನಗ ಗುರುತ ಹತ್ತವಲ್ದೇನು? ಅಳೂದು ಆಮ್ಯಾಲ ಅಳುವಂತಿ, ಮೊದಲ ಹುಟ್ಟು ಹಿಡಿ!"

ಹರಿಗೋಲನ್ನು ಹೊಳೆಯ ಹರಿವಿಗೆ ಎದುರಾಗಿ ಅರ್ಧ ಹರದಾರಿ ಹೊತ್ತೊಯ್ದು, ಹಂಪವ್ವನನ್ನು ಕೂರಿಸಿಕೊಂಡು ನೀರಿಗೆ ಬಿಟ್ಟರು. ಅದು ಬುಗುರಿಯಂತೆ ತಿರುಗುತ್ತ ಗಡ್ಡೆಗೆ ಬಡಿಯಿತು. ಹೊತ್ತು ಮುಳುಗುವ ಮೊದಲು ಹೆರಿಗೆಯಾಯಿತು. ಹುಟ್ಟಿದ್ದು ಗಂಡೆಂದು ಮೇಲೋಣಿಯವರು, ಹೆಣ್ಣೆಂದು ಕೆಳಗೋಣಿಯವರು ಈಗಲೂ ಜಗಳವಾಡುತ್ತಾರೆ. ತಾಯಿ ಮಗು ಇಬ್ಬರೂ ಉಳಿದರೆಂಬುದರಲ್ಲಿ ಯಾರ ತಕರಾರೂ ಇಲ್ಲ.

"ಯಣ್ಣಾ, ಗಂಟಿ ಬಾರಿಸಿದೆ, ಕೈ ಬೀಸಿದೆ. ನೀವ್ಯಾಕ ಕುಂತು ಅತ್ರಿ?" ಎಂದು ಹುಲಿಗೆವ್ವ ಕೇಳಿದಳಂತೆ. 

ಇಂದಿಗೂ ಮಳೆಗಾಲದ ಮೊದಲ ನೀರು ಬಂದಾಗ ಕಡದಾಳದ ಎಮ್ಮೆಗಳ ಬಾಲಕ್ಕೆ ಜಡೆ ಹೆಣೆದು ಕೆಂಪು ದಾರ ಕಟ್ಟುತ್ತಾರೆ. ನೋಡಲು ಬಂದವರು ನಗುತ್ತಾರೆ. ಬೇವಿನ ಮರದಲ್ಲಿರುವುದು ಕೆಂಚಿಯ ಗಂಟೆಯೇ ಎಂದು ಊರವರು ಹೇಳುತ್ತಾರೆ. ಗಡ್ಡೆಗೆ ಬಂದ ಮಕ್ಕಳೆಲ್ಲ ಅದನ್ನು ಬಾರಿಸುತ್ತಾರೆ. ಹೊಳೆ ತುಂಬಿದಾಗ ಅದರ ದನಿ ಈಗಲೂ ದಡಕ್ಕೆ ಕೇಳುವುದಿಲ್ಲ. ಆ ದಿನಗಳಲ್ಲಿ ದಡದ ಹೆಂಗಸರು ನೀರಿನಿಂದ ಮೇಲೆದ್ದ ಪ್ರತಿ ಎಮ್ಮೆಯ ಬಾಲವನ್ನೂ ಒಮ್ಮೆ ಮುಟ್ಟಿ ನೋಡಿಯೇ ಮುಂದಕ್ಕೆ ಬಿಡುತ್ತಾರೆ.