ಪಂಪಕ್ಕ ಬಿಟ್ಟುಹೋದ ಕೆಂಪು ಹೆಸರು

ಬಹಳ ಹಿಂದೆ ಒಂದು ಊರಿತ್ತಂತೆ. ಅದಕ್ಕೆ ಅಗಸೆಬಾಗಿಲಿಲ್ಲ, ಕೆರೆಯಿಲ್ಲ. ಕಂಪ್ಯೂಟರಿನ ಪರದೆಯೊಳಗೆ ಎಲ್ಲರೂ ಸೇರಿ ಬರೆಯುವ ವಿಶ್ವಕೋಶವೇ ಆ ಊರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ಬರೆಯುವವರಿಗಿಂತ ಅಳಿಸುವವರೇ ಹೆಚ್ಚಿದ್ದರಂತೆ. ಊರಿಗೆ ಒಂದೇ ಕಟ್ಟಳೆ: ನನಗೆ ಗೊತ್ತು ಅಂದರೆ ಸಾಲದು, ನಿಮಗೆ ಸಂಬಂಧವಿಲ್ಲದ ಯಾರೋ ಅದನ್ನು ಅಚ್ಚಿನಲ್ಲಿ ಹೇಳಿರಬೇಕು.

ಆ ಊರಲ್ಲಿ ಪಂಪಕ್ಕ ಅಂತ ಒಬ್ಬಳಿದ್ದಳಂತೆ. ಮುಖ ನೋಡಿದವರಿಲ್ಲ. ಹೊಸಬರು ಆಧಾರ ಕೊಡದೆ ಬರೆದು, ಬೈಸಿಕೊಂಡು, ಅಳುಮೋರೆ ಹಾಕಿಕೊಂಡು ಕೂತರೆ ಪಕ್ಕಕ್ಕೆ ಬರುತ್ತಿದ್ದಳು. ಯಾವ ಪುಸ್ತಕ ನಂಬಬಹುದು, ಅಡಿಟಿಪ್ಪಣಿ ಎಲ್ಲಿ ಹಾಕಬೇಕು, ಎಲ್ಲ ಹೇಳಿಕೊಡುತ್ತಿದ್ದಳು. ಅರ್ಧ ಹೆಸರು ಹೇಳಿದರೆ ಸಾಕು, ಹಳೇ ಗೆಜೆಟಿಯರಿನ ಹಾಳೆಯನ್ನೇ ಹುಡುಕಿ ತರುತ್ತಿದ್ದಳು ಅಂತಾರೆ. ಸುಳ್ಳು ಆಧಾರದ ವಾಸನೆ ಅವಳಿಗೆ ಪರದೆಯಾಚೆಯಿಂದಲೇ ಬಡಿಯುತ್ತಿತ್ತು ಅಂತಾರೆ. ಅಂತಾರೆ, ಅಷ್ಟೆ. ಅದಕ್ಕೂ ಆಧಾರವಿಲ್ಲ.

ಒಮ್ಮೆ ಕಸ್ತೂರಿ ಅನ್ನುವ ಹೊಸಬಳು ಬಂದಳಂತೆ. ಅವಳ ಅಜ್ಜಿ ಸಂಕವ್ವ ಮುರಿದ ಎಲುಬು ಕೂಡಿಸುವವಳು. ಸುತ್ತಲ ಹಳ್ಳಿಗಳಲ್ಲಿ ಸಂಕವ್ವ ಕಟ್ಟಿದ ಕೈಕಾಲುಗಳೇ ಓಡಾಡುತ್ತಿದ್ದವಂತೆ. ಅಜ್ಜಿ ತೀರಿಕೊಂಡ ಮೇಲೆ ಕಸ್ತೂರಿ ಅವಳ ಬಗ್ಗೆ ಒಂದು ಪುಟ ಬರೆದಳು. ಆಧಾರ ಕೊಡಿ, ಇಲ್ಲವೇ ತೆಗೆಯುತ್ತೇವೆ ಅಂತ ಅಳಿಸುವವರು ಪುಟದ ನೆತ್ತಿಗೆ ಪಟ್ಟಿ ಅಂಟಿಸಿದರು.

"ಅಕ್ಕಾರ, ನನ್ನ ಕೈಯೇ ಆಧಾರರೀ. ಮುರಿದಿತ್ತು, ಅಜ್ಜಿ ಕೂಡಿಸಿದ್ಲು. ಅದೇ ಕೈಲೇ ಟೈಪ್ ಮಾಡಾಕತ್ತೀನಿ."

"ನಿನ್ನ ಕೈ ಅಚ್ಚಾಗಿಲ್ಲಲ್ಲ ತಂಗಿ," ಅಂದಳಂತೆ ಪಂಪಕ್ಕ.

ಇಬ್ಬರೂ ಪುಟ ತಿದ್ದುತ್ತ ಕೂತರು. ಎಲುಬು ಕಟ್ಟುವಾಗ ಅಜ್ಜಿ ಹೆಸರುಕಾಳಿನ ಹಿಟ್ಟು ಹಚ್ಚುತ್ತಿದ್ದಳು ಅಂತ ಕಸ್ತೂರಿ ಮೊದಲು ಬರೆದಿದ್ದಳು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಥೋ, ಉದ್ದಿನ ಹಿಟ್ಟುರೀ ಅದು! ಅಜ್ಜಿ ಇದ್ದಿದ್ರ ಈ ಕೈಯನ್ನ ತಿರುಗಿ ಮುರೀತಿದ್ಲು," ಅಂತ ನಕ್ಕು ಸರಿಮಾಡಿದಳು. ಪಂಪಕ್ಕನೂ ನಕ್ಕಳಂತೆ.

ಪಂಪಕ್ಕ ಹುಡುಕಿದಳು. ಗೆಜೆಟಿಯರು ನೋಡಿದಳು, ಜಾನಪದ ಸಂಪುಟ ನೋಡಿದಳು, ಹಳೇ ಪತ್ರಿಕೆ ನೋಡಿದಳು. ಬೇಟೆಗೆ ಬಂದ ಸಾಹೇಬನ ಕುದುರೆಯ ಹೆಸರು ಸಿಕ್ಕಿತಂತೆ. ಸಂಕವ್ವ ಸಿಗಲಿಲ್ಲ.

ಪುಟ ತೆಗೆಯುವ ಗಡುವು ಹತ್ತಿರ ಬಂದಾಗ ಕಸ್ತೂರಿ ಓಡಿಬಂದಳಂತೆ. "ಸಿಕ್ತು ಅಕ್ಕಾರ!" ಪತ್ರಿಕೆಯೊಂದರಲ್ಲಿ ಸಂಕವ್ವನ ಮೇಲೆ ಅರ್ಧ ಪುಟದ ಲೇಖನ ಬಂದಿತ್ತು. ಅಳಿಸುವವರೂ ತಲೆಯಾಡಿಸಿ, ಅಂಟಿಸಿದ್ದ ಪಟ್ಟಿ ಕಿತ್ತರು. ಪಂಪಕ್ಕ ಸಂತೋಷದಿಂದ ಓದತೊಡಗಿದಳು. ನಡುವೆ ಒಂದು ಕಡೆ ಕಣ್ಣು ನಿಂತಿತು. ಕಸ್ತೂರಿ ಮೊದಲು ತಪ್ಪಿ ಬರೆದಿದ್ದ ಅದೇ ಹೆಸರುಕಾಳಿನ ಹಿಟ್ಟು.

ಇದು ಎಲ್ಲಿ ಸಿಕ್ಕಿತು ಅಂತ ಲೇಖನ ಬರೆದವನನ್ನು ಕೇಳಿದಳು. "ನೆಟ್‌ನಲ್ಲೇ ಇತ್ತಲ್ಲ ಮೇಡಂ," ಅಂದನಂತೆ. ತಿದ್ದುವ ಮುಂಚಿನ ಪುಟವನ್ನೇ ಅವನು ಇಳಿಸಿಕೊಂಡಿದ್ದ.

"ತಂಗಿ, ಆ ಪತ್ರಿಕೆಗೆ ಆಧಾರ ನೀನೇ. ನಿನಗ ನೀನೇ ಸಾಕ್ಷಿ ಆಗಾಕ ಬರಂಗಿಲ್ಲ."

"ಅದು ಯಾರಿಗೂ ಗೊತ್ತಿಲ್ರೀ. ನೀವೊಬ್ರು ಸುಮ್ಮನಿದ್ರ ನಮ್ಮಜ್ಜಿ ಉಳೀತಾಳ."

ಪಂಪಕ್ಕ ಅತ್ತಳು ಅಂತ ಕೆಲವರು, ಇಲ್ಲ ಅಂತ ಕೆಲವರು. ಇವತ್ತು ಇದೊಂದನ್ನು ಹಾಗೇ ಬಿಟ್ಟರೆ, ಇಷ್ಟು ವರ್ಷ ಹೊಸಬರಿಗೆ ಹೇಳಿಕೊಟ್ಟದ್ದೆಲ್ಲ ಏನು ಅಂತ ತನ್ನನ್ನೇ ಕೇಳಿಕೊಂಡಳಂತೆ. ಆಮೇಲೆ ಎಲ್ಲರೂ ಓದುವ ಚರ್ಚೆಯ ಪುಟದಲ್ಲಿ ನಿಜ ಬರೆದಳು. ಸಂಜೆಯೊಳಗೆ ಸಂಕವ್ವನ ಪುಟ ಹೋಯಿತು.

"ನಮ್ಮಜ್ಜಿ ಮುರಿದದ್ದನ್ನ ಕೂಡಿಸ್ತಿದ್ಲು ಅಕ್ಕಾರ. ನೀವು ಕೂಡಿದ್ದನ್ನ ಮುರಿದ್ರಿ." ಇಷ್ಟು ಬರೆದು ಹೋದ ಕಸ್ತೂರಿ ಮತ್ತೆ ಬರಲಿಲ್ಲ.

ಪಂಪಕ್ಕ ಕಡೆಯದಾಗಿ ಒಂದೇ ಕೆಲಸ ಮಾಡಿದಳಂತೆ. ನಾಟಿ ವೈದ್ಯರ ಪುಟದಲ್ಲಿ ಸಂಕವ್ವ ಅಂತ ಒಂದು ಹೆಸರು ಸೇರಿಸಿ ಕೊಂಡಿ ಹಾಕಿದಳು. ಆ ಊರಲ್ಲಿ ಪುಟವಿಲ್ಲದ ಹೆಸರು ಕೆಂಪಗಿರುತ್ತದೆ. ಅವತ್ತಿನಿಂದ ಪಂಪಕ್ಕನನ್ನೂ ಯಾರೂ ಕಾಣಲಿಲ್ಲ.

ಈಗಲೂ ಅಲ್ಲಿ ಯಾರಾದರೂ ಪತ್ರಿಕೆಯ ತುಣುಕು ತಂದರೆ, ಪುಟ ಮೊದಲೋ ಪತ್ರಿಕೆ ಮೊದಲೋ ಅಂತ ಕೇಳುತ್ತಾರೆ. ಅದಕ್ಕೆ ಪಂಪಕ್ಕನ ಪ್ರಶ್ನೆ ಅನ್ನುತ್ತಾರೆ. ಆ ಕೆಂಪು ಹೆಸರಿಗೂ ಆಧಾರವಿಲ್ಲ, ಆದರೂ ಯಾರೂ ಅಳಿಸುವುದಿಲ್ಲ. ಹೊಸಬರು ಬಂದರೆ ಅದನ್ನು ಒತ್ತಿ ನೋಡಲು ಹೇಳುತ್ತಾರೆ. ಈ ಪುಟ ಇನ್ನೂ ಇಲ್ಲ, ನಿಮಗೆ ಗೊತ್ತಿದ್ದರೆ ಬರೆಯಿರಿ ಅಂತ ಬರುತ್ತದೆ. ಗೊತ್ತಿದೆ, ಎಲ್ಲರಿಗೂ ಗೊತ್ತಿದೆ. ಒಂದು ಗಳಿಗೆ ನೋಡುತ್ತಾರೆ, ಬರೆಯದೆ ಹಿಂದಕ್ಕೆ ಬರುತ್ತಾರೆ.